ಚಂದಾದಾರರ ಮುಷ್ಕರ

ಸರ್ಬಿಯಾದ ಹಳೆಯ ಸಾಹಿತ್ಯ ಪತ್ರಿಕೆಯೊಂದು ಚಂದಾದಾರರ ಹೆಸರನ್ನು ಊರುವಾರು ಅಚ್ಚುಹಾಕಿ ಓದುಗರನ್ನು ಬೆಸೆದಿತ್ತೆಂದು ತಿಳಿದ ಶ್ರೀಕಂಠ, ಸಿಂಗಪುರದ ತನ್ನ ಕನ್ನಡ ಪತ್ರಿಕೆಯಲ್ಲೂ ಹಾಗೇ ಮಾಡಿದ. ಜುರಾಂಗ್ ವೆಸ್ಟ್‌ನಿಂದ ಸೆಲೆಟಾರ್‌ವರೆಗೆ ಚಂದಾದಾರರು ಮುಗಿಬಿದ್ದರು. ಹೆಸರುಗಳೇ ಪುಟ ತುಂಬಿ, ಮನೆಗೆಲಸದವರಿಗೆ ವಾರದ ರಜೆ ಬೇಕೆಂದು ಅನುಸೂಯಾ ಬರೆದ ಕಥೆಗೆ ಜಾಗವೇ ಉಳಿಯಲಿಲ್ಲ.

“ಸಾರಿ ಅನುಸೂಯಾ, ಜನ ಅವರವರ ಹೆಸರು ಮಾತ್ರ ಓದ್ತಾರೆ,” ಎಂದ ಶ್ರೀಕಂಠ.

“ಸರಿ ಬಿಡಿ, ಅದನ್ನೇ ಓದಲಿ.”

ಅವಳು ಕಥೆಯನ್ನು ತಿದ್ದಿದಳು. ಅದರಲ್ಲೀಗ ಚಂದಾದಾರರೆಲ್ಲ ಮನೆಗೆಲಸದವರಾಗಿ, ಟೋವಾ ಪಾಯೋ ಬಡಾವಣೆಯ ವಸತಿ ಕಟ್ಟಡದಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಪೊರಕೆ ಹಿಡಿದು ರಜೆ ಕೇಳುತ್ತಿದ್ದರು. ಒಂದು ಹೆಸರೂ ಬಿಟ್ಟಿರಲಿಲ್ಲವಾದ್ದರಿಂದ ಶ್ರೀಕಂಠ ಪಟ್ಟಿಯ ಬದಲು ಕಥೆಯನ್ನೇ ಅಚ್ಚುಹಾಕಬೇಕಾಯಿತು.

ಪತ್ರಿಕೆ ತಲುಪುತ್ತಲೇ ಚಂದಾದಾರ ಅರವಿಂದನ ಫೋನ್ ಬಂತು.

“ಏನ್ರೀ ಶ್ರೀಕಂಠ, ಕಥೆ ಪೂರ್ತಿ ಓದಿದೆ. ಆ ಚಂದಾದಾರ ಅಜಯ್‌ಗೆ ಘೋಷಣೆ ಕೂಗೋ ಪಾತ್ರ, ನಂಗೆ ಬರೀ ಬಕೆಟ್ಟಾ? ನಮ್ಮನೆ ಹೆಲ್ಪರ್‌ಗೆ ಇನ್ಮೇಲೆ ಪ್ರತಿ ಭಾನುವಾರ ರಜಾ ಕೊಟ್ಟಿದೀನಿ. ಮುಂದಿನ ಸಂಚಿಕೆಲಾದ್ರೂ ಮೈಕ್ ನಂಗೇ ಕೊಡ್ಸಿ.”