ಐದನೆಯ ಮಹಡಿಯಿಂದ ಮೇಲೆ

ಮೌನವೇ ಸಮ್ಮತಿ ಎಂಬ ಮಾತು ನನ್ನ ಕೆಲಸದಲ್ಲಿ ನಡೆಯುವುದಿಲ್ಲ. ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಬಿಸಿನೀರಿನ ಕೊಳವೆಗಳ ಕೆಳಗೆ ನನ್ನ ಮೇಜು. ಮೂವತ್ತು ವರ್ಷ ಹಿಂದಿನ ಕಂಪ್ಯೂಟರ್ ಆಟಗಳನ್ನು ಫ್ಲಾಪಿಗಳಿಂದ ಎತ್ತಿ, ಬರೆದವರ ಒಪ್ಪಿಗೆ ಪಡೆದು, ಯಾರು ಬೇಕಾದರೂ ಆಡುವಂತೆ ಗ್ರಂಥಾಲಯದ ತಾಣದಲ್ಲಿ ಇಡುವುದು ನಮ್ಮ ವಿಭಾಗದ ಕೆಲಸ. ನಿಯಮ ಎರಡೇ. ಬರೆದವರೆಲ್ಲರ ಸಹಿ ಇರುವ ಕಾಗದ ಬೇಕು. ಆಟದೊಳಗೆ ಒಂದು ಚುಕ್ಕೆಯನ್ನೂ ಬದಲಿಸುವಂತಿಲ್ಲ. ಕಾಗದ ಹಾಕುತ್ತೇನೆ, ಕಾಯುತ್ತೇನೆ. ಮುಕ್ಕಾಲು ಪಾಲು ಜನ ಉತ್ತರಿಸುವುದಿಲ್ಲ. ಅವರ ಆಟಗಳೆಲ್ಲ ನನ್ನ ಹಿಂದಿರುವ ಉಕ್ಕಿನ ಬೀರುವಿನಲ್ಲಿವೆ. ಅದಕ್ಕೆ ಬೆನ್ನು ಮಾಡಿ ಕೂರುವುದು ನನಗೆ ಅಭ್ಯಾಸವಾಗಿದೆ.

'ನಲ್ಲಿ' ಎಂಬ ಆಟಕ್ಕೆ ಉತ್ತರ ವಾರದೊಳಗೆ ಬಂತು. ಆಟದಲ್ಲಿ ಇಪ್ಪತ್ತು ಮಹಡಿಯ ಕಟ್ಟಡ. ಪ್ರತಿ ಮಹಡಿಯಲ್ಲೂ ನಲ್ಲಿಗಳು ಸೋರುತ್ತಿರುತ್ತವೆ. ನೀರು ಮಂಡಿಗೆ ಬರುವುದರೊಳಗೆ ಓಡಿ ಓಡಿ ಮುಚ್ಚಬೇಕು. ಅದು ಶೇರ್‌ವೇರ್ ಕಾಲದ ಆಟ. ಮೊದಲ ನಾಲ್ಕು ಮಹಡಿ ಎಲ್ಲರಿಗೂ ಬಿಟ್ಟಿ. ಹಿಡಿಸಿದವರು ಬರೆದವರಿಗೆ ಹಣ ಕಳಿಸಿದರೆ ಉಳಿದದ್ದು ಅಂಚೆಯಲ್ಲಿ ಬರುತ್ತಿತ್ತು. ಬಿಟ್ಟಿ ಭಾಗ ಎಲ್ಲ ಕಡೆ ಸಿಗುತ್ತದೆ. ಮೇಲಿನ ಮಹಡಿಗಳಿದ್ದ ಫ್ಲಾಪಿ ಎಲ್ಲೂ ಉಳಿದಿಲ್ಲವೆಂದೇ ತಿಳಿದಿದ್ದೆವು. ಕಾಗದದ ಜೊತೆ ಅದೂ ಬಂದಿತ್ತು. ಸಹಿಯ ಕೆಳಗೆ ಅಲುಗಾಡುವ ಅಕ್ಷರದಲ್ಲಿ ಎರಡು ಸಾಲು: 'ಐದನೆಯ ಮಹಡಿಯಿಂದ ಮೇಲೆ ನನ್ನ ಅಕ್ಕ ಮಾಡಿದ್ದು. ಅವಳನ್ನೂ ಕೇಳಿ, ಬೇಗ ಕೇಳಿ.'

ನಮ್ಮ ಮುಖ್ಯಸ್ಥೆ ಕಾಗದ ಓದಿ ಕನ್ನಡಕ ತೆಗೆದರು.

"ಪರದೆ ಮೇಲೆ ಇರೋದು ಒಂದೇ ಹೆಸರು. ಆ ಹೆಸರಿನವರು ಸಹಿ ಮಾಡಿದ್ದಾರೆ. ಸುಮ್ಮನೆ ಇರಲಾರದೆ ಇರುವೆ ಬಿಟ್ಕೋಬೇಡ."

ನಾನು ಬಿಟ್ಟುಕೊಂಡೆ.

ತಮ್ಮನ ಮನೆಗೆ ಮೊದಲು ಹೋದೆ. ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡಿ ನಿವೃತ್ತರಾದವರು. ಮೂಗಿಗೆ ಆಕ್ಸಿಜನ್ ಕೊಳವೆ, ತೊಡೆಯ ಮೇಲೆ ಕಂಬಳಿ, ಕಿಟಕಿಕಟ್ಟೆಯಲ್ಲಿ ಸಾಲಾಗಿ ಹಿತ್ತಾಳೆಯ ತೂಕದ ಬಟ್ಟುಗಳು. ಒಂದು ವಾಕ್ಯ, ಎರಡು ಉಸಿರು, ಹೀಗೆ ಹೇಳಿದರು. ಒಂದೇ ಕೋಣೆಯಲ್ಲಿ ಎರಡು ವರ್ಷ ಕೂತು ಮಾಡಿದ ಆಟವಂತೆ. ಪ್ರೋಗ್ರಾಂ ಮತ್ತು ಮೊದಲ ನಾಲ್ಕು ಮಹಡಿ ಅವರದು. ಐದರಿಂದ ಮೇಲೆ ಅಕ್ಕ ಚೌಕಳಿ ಹಾಳೆಯಲ್ಲಿ ಪೆನ್ಸಿಲ್ ಹಿಡಿದು ಒಂದೊಂದು ಮಹಡಿ, ಒಂದೊಂದು ನಲ್ಲಿ, ನೀರಿನ ದಾರಿ ಬರೆಯುವುದು. ಕೊನೆಗೆ ಮೊದಲ ಪರದೆ ಮಾಡುವಾಗ ಅವರು ತಮ್ಮ ಹೆಸರೊಂದನ್ನೇ ಟೈಪ್ ಮಾಡಿದರು. ಅಕ್ಕ ಬೆನ್ನ ಹಿಂದೆ ನಿಂತಿದ್ದಳು. ಪೆನ್ಸಿಲ್‌ಗಳನ್ನು ಡಬ್ಬಿಗೆ ಹಾಕಿ ಹೊರಟುಹೋದಳು.

"ಆಮೇಲೆ ಹತ್ತು ಸಲ ಹೇಳಿದೆ, ನಿನ್ನ ಹೆಸರು ಸೇರಿಸ್ತೀನಿ ಅಂತ. 'ಯಾವ ಆಟ?' ಅಂತಿದ್ದಳು. ಅಷ್ಟೇ. ಊರಿಗೆಲ್ಲ ತಕ್ಕಡಿ ಸರಿಮಾಡಿಕೊಟ್ಟೆ ನೋಡಿ, ಮನೇದು ಉಳಿದುಹೋಯ್ತು."

ಹದಿನಾಲ್ಕನೆಯ ಮಹಡಿಯನ್ನು ತಾವೇ ದಾಟಿಲ್ಲವೆಂದೂ ಹೇಳಿದರು. ಬೇಕಿದ್ದರೆ ಪ್ರೋಗ್ರಾಂನಲ್ಲೇ ನೇರವಾಗಿ ಹದಿನೈದಕ್ಕೆ ಹಾರಬಹುದಿತ್ತು. ಅವಳು ಕಟ್ಟಿದ ಮಹಡಿ, ಹತ್ತಿಯೇ ಹೋಗಬೇಕೆಂಬ ಹಟ. ದಾರಿ ಕೇಳಲು ಅಭಿಮಾನ. ಈಗ ಉಳಿದಿರುವುದು ಒಂದೇ ಆಸೆ: ಕಣ್ಣು ಮುಚ್ಚುವ ಮೊದಲು ಆಟ ತಾಣಕ್ಕೆ ಬರಬೇಕು, ಯಾರೋ ಒಬ್ಬರು ಇಪ್ಪತ್ತನೆಯ ಮಹಡಿ ತಲುಪಿದರೆಂದು ಕೇಳಬೇಕು.

ಅಕ್ಕ ಚಪ್ಪಲಿ ಅಂಗಡಿಯೊಂದರ ಮೇಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುತ್ತಾರೆ. ತಟ್ಟೆಗಳ ತುಂಬ ಬೇರೆ ಬೇರೆ ಬಿಳುಪಿನ ಹಲ್ಲುಗಳು, ಗುಲಾಬಿ ಮೇಣ, ಸಣ್ಣಗೆ ಸುಯ್ಯೆನ್ನುವ ಗ್ಯಾಸಿನ ಉರಿ. ಎಪ್ಪತ್ತರ ಹತ್ತಿರವಿದ್ದರೂ ಕೈ ನಡುಗುತ್ತಿರಲಿಲ್ಲ. ನಾನು ಪರಿಚಯ ಹೇಳಿಕೊಳ್ಳುವಷ್ಟರಲ್ಲಿ ನನ್ನ ಬಾಯಿ ನೋಡಿ ಮುಗಿಸಿದ್ದರು.

"ನಿದ್ದೇಲಿ ಹಲ್ಲು ಕಡೀತೀರಿ. ಬಲಗಡೆ ಸವೆದುಹೋಗಿದೆ."

ಕಾಗದ ಕೊಟ್ಟೆ. ಓದಿದರು. 'ಯಾವ ಆಟ' ಎನ್ನುತ್ತಾರೆಂದು ಕಾದೆ. ಮೇಣದ ಮೇಲೆ ಒಂದು ದವಡೆಹಲ್ಲು ಕೂರಿಸಿ ಮುಗಿಸಿದರು. ಆಮೇಲೆ ಕೇಳಿದರು:

"ಹದಿನಾಲ್ಕು ದಾಟಿದ್ರಾ?"

ಇಲ್ಲ, ಅಲ್ಲೇ ಮುಳುಗಿದೆ ಎಂದೆ.

"ಎಲ್ಲರೂ ಅಲ್ಲೇ ಮುಳುಗೋದು. ಎಡಗಡೆ ನಲ್ಲಿ ಮುಚ್ಚಬಾರದು. ಹರಿಯೋಕೆ ಬಿಡಬೇಕು, ಆ ನೀರೇ ಬಾಗಿಲು ತಳ್ಳುತ್ತೆ. ನನ್ನ ತಮ್ಮನಿಗೂ ಗೊತ್ತಿಲ್ಲ ಅದು."

ಮೊದಲ ಬಾರಿಗೆ ಮುಖ ಸ್ವಲ್ಪ ಸಡಿಲವಾಯಿತು. ಪರದೆಯ ಮೇಲೆ 'ನನ್ನ ಹೆಸರು ಸೇರಿಸ್ತೀರಾ' ಎಂದು ಕೇಳಿದರು. ಆಟದೊಳಗೆ ಏನನ್ನೂ ಮುಟ್ಟುವಂತಿಲ್ಲ, ನಮ್ಮ ಪಟ್ಟಿಯಲ್ಲಿ ಹಾಕಬಹುದು ಎಂದೆ. ನಿಯಮವನ್ನು ಇನ್ನೊಮ್ಮೆ ವಿವರಿಸಿದೆ. ನನ್ನ ದನಿ ನನಗೇ ಸರ್ಕಾರಿ ಸುತ್ತೋಲೆಯಂತೆ ಕೇಳಿಸಿತು. ತಮ್ಮನ ಉಸಿರಿನ ವಿಷಯವನ್ನೂ ಹೇಳಿದೆ.

"ಗೊತ್ತು," ಎಂದರು. ಉರಿ ಸಣ್ಣ ಮಾಡಿದರು. "ಮೂವತ್ತು ವರ್ಷದಲ್ಲಿ ಈ ಆಟದ ಬಗ್ಗೆ ನನ್ನನ್ನ ಯಾರಾದ್ರೂ ಕೇಳ್ತಿರೋದು ಇದೇ ಮೊದಲು. ಕೇಳಿದ್ಮೇಲೆ ಬೇಡ ಅನ್ನಬಹುದು ತಾನೇ?"

"ಅನ್ನಬಹುದು."

"ಬೇಡ. ಕೆಳಗಿನ ನಾಲ್ಕು ಅವನದು, ಅವನಿಷ್ಟ. ಎಲ್ಲಿ ಬರೀಬೇಕು?"

ನಮ್ಮ ನಮೂನೆಯಲ್ಲಿ ಒಪ್ಪಿಗೆ ಬರೆಯಲು ಮಾತ್ರ ಜಾಗವಿದೆ. ಅವರು ಅಲ್ಲೇ 'ಇಲ್ಲ' ಎಂದು ಬರೆದು, ಪೂರ್ತಿ ಹೆಸರಿನ ಸಹಿ ಹಾಕಿ, ಶಾಯಿ ಆರುವವರೆಗೂ ನೋಡುತ್ತ ಕೂತರು.

ಆ ಹಾಳೆಯನ್ನು ತಮ್ಮನಿಗೆ ಒಯ್ದೆ. ಫೋನಿನಲ್ಲಿ ಹೇಳಬಹುದಿತ್ತು, ಧೈರ್ಯ ಬರಲಿಲ್ಲ. ಬಾಯಲ್ಲಿ ಅಂದಳೋ ಬರೆದುಕೊಟ್ಟಳೋ ಎಂದು ಕೇಳಿದರು. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದಿದರು. ಕೊಳವೆ ಸುಯ್ಯೆನ್ನುತ್ತಿತ್ತು.

"ಅಂದ್ರೆ, ತನ್ನದು ಅಂತ ಒಪ್ಪಿಕೊಂಡ ಹಾಗೇ ಆಯ್ತಲ್ಲ."

ನಕ್ಕರೆಂದುಕೊಂಡೆ. ಅದು ಕೆಮ್ಮು. ಬಹಳ ಹೊತ್ತು ಕೆಮ್ಮಿದರು. ಆಮೇಲೆ, ಹದಿನಾಲ್ಕನೆಯದರ ದಾರಿ ಏನಾದರೂ ಹೇಳಿದಳೇ ಎಂದರು. ಹೇಳಿದ್ದಾರೆ ಎಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿದರು.

"ಬೇಡ. ಅದಕ್ಕೂ ಅವಳ ಒಪ್ಪಿಗೆ ಬೇಕಲ್ಲ."

ಆ ಮಾತು ನನಗೆ ಒಪ್ಪಿಗೆಯಾಯಿತು. ಎಷ್ಟು ನೇರವಾದ ಮನುಷ್ಯ ಎಂದುಕೊಂಡೆ. ನೀರು ಕುಡಿಸಿ, ಕಂಬಳಿ ಸರಿಮಾಡಿ, ದಾರಿ ಹೇಳದೆ ಬಂದೆ.

ಅಲ್ಲಿಂದ ಹನ್ನೊಂದನೆಯ ದಿನ ಅವರು ತೀರಿಕೊಂಡರು. ಕೆಳಗಿನ ನಾಲ್ಕು ಮಹಡಿಗಳನ್ನಷ್ಟೇ ತಾಣಕ್ಕೆ ಹಾಕಿದೆವು. ಫ್ಲಾಪಿ ಬೀರುವಿಗೆ ಹೋಯಿತು. ಪಟ್ಟಿಯಲ್ಲಿ ಬರೆದವರು ಇಬ್ಬರು ಎಂದು ನಮೂದಿಸಿ ಅಕ್ಕನ ಹೆಸರನ್ನು ಮೊದಲು ಹಾಕಿದೆ. ಮುಖ್ಯಸ್ಥೆ ನೋಡಿ ಮೊಹರು ಒತ್ತಿದರು.

ಮುಂದಿನ ವಾರ ಮಧ್ಯಾಹ್ನ ಮೇಜಿನ ಫೋನು ರಿಂಗಾಯಿತು. ಆ ಕಡೆ ಮೊದಲು ಗ್ಯಾಸಿನ ಉರಿಯ ಸದ್ದು, ಆಮೇಲೆ ದನಿ. ಪಟ್ಟಿಯ ವಿಷಯ ಕೇಳುತ್ತಾರೆಂದು ಮಾತು ಜೋಡಿಸಿಕೊಂಡೆ.

"ಅವನು ಹದಿನಾಲ್ಕು ದಾಟಿದ್ನಾ?"

"ಇಲ್ಲ."

"ನಾನು ಹೇಳಿದ್ದನ್ನ ನೀವು ಅವನಿಗೆ ಹೇಳಲಿಲ್ವಾ?"

ಅವರೇ ಬೇಡ ಅಂದರು, ನಿಮ್ಮ ಒಪ್ಪಿಗೆ ಇರಲಿಲ್ಲ ಎಂದೆ. ತಲೆಯ ಮೇಲಿನ ಕೊಳವೆಯಲ್ಲಿ ನೀರು ಹಾದುಹೋಗುವುದು ಕೇಳಿಸಿತು.

"ಮತ್ತೆ ಆ ದಾರಿ ನಿಮಗ್ಯಾಕೆ ಹೇಳಿದೆ ಅಂದ್ಕೊಂಡ್ರಿ," ಎಂದು ಫೋನಿಟ್ಟರು.