ಹುಲ್ಲಿನ ಮೇಲಿನ ದಾರಿ

ಪಾರ್ಕಿನ ಹಳ್ಳದ ಪಕ್ಕ ಕಲ್ಲುದಾರಿ ಹಾಸಿದವನು ನಾನು. ಮೂವತ್ತು ವರ್ಷದ ಮೇಸ್ತ್ರಿ ಕೆಲಸದಲ್ಲಿ ಇಷ್ಟು ಮುತುವರ್ಜಿಯಿಂದ ಮಾಡಿದ್ದು ಇನ್ನೊಂದಿಲ್ಲ. ಎಂಥ ಮಳೆಗೂ ಅಲ್ಲಿ ಹನಿ ನೀರು ನಿಲ್ಲುವುದಿಲ್ಲ. ಆದರೆ ಜನ ಅದರ ಮೇಲೆ ಕಾಲೇ ಇಡುವುದಿಲ್ಲ. ಮೇಲಿನ ದಂಡೆಯ ಹುಲ್ಲು ತುಳಿದು ತುಳಿದು, ಬೋಳು ಮಾಡಿ, ಅಲ್ಲೊಂದು ಮಣ್ಣಿನ ದಾರಿ ಮಾಡಿಕೊಂಡಿದ್ದಾರೆ. ನಾಳೆ ಅದಕ್ಕೆ ಅಡ್ಡಲಾಗಿ ಬೇಲಿ ಹಾಕುವ ಕೆಲಸವೂ ನನಗೇ ಬಂದಿದೆ.

"ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ," ಎಂದು ಮನೆಯಲ್ಲಿ ಗೊಣಗಿದೆ.

"ಊರೆಲ್ಲ ಹುಲ್ಲಿನ ಮೇಲೇ ನಡೀತಿದೆಯಲ್ರೀ. ಹಾಗಾದ್ರೆ ಪೋರ ಯಾರು?" ಎಂದಳು ನನ್ನವಳು.

ಮೈ ಉರಿದುಹೋಯಿತು. ಆದರೂ ತಲೆಗೆ ಹುಳ ಹೊಕ್ಕಿತು. ನನ್ನ ದಾರಿಯಲ್ಲಿ ಏನು ಕೊರತೆ? ಬೇಲಿ ಹಾಕುವ ಮೊದಲು ಅದೊಂದು ತಿಳಿಯಲೇಬೇಕಿತ್ತು. ಕಂಬದ ಗುರುತಿಗೆಂದು ಸುಣ್ಣದ ಪುಡಿಯ ಚೀಲ ಹಿಡಿದು, ಐದು ವರ್ಷದ ಮೊಮ್ಮಗಳ ಜೊತೆ ಸಂಜೆ ಪಾರ್ಕಿಗೆ ಹೋದೆ. ಅವಳು ದಂಡೆಯಾಚೆಯ ಜಾರುಬಂಡೆಗೆ ಓಡಿದಳು.

ಮಣ್ಣಿನ ದಾರಿಯಲ್ಲಿ ಬಂದ ಬಸ್ ಡ್ರೈವರನನ್ನು ತಡೆದೆ. "ಏನಪ್ಪಾ, ಕೆಳಗಿನ ಕಲ್ಲು ಕಾಲಿಗೆ ಚುಚ್ಚುತ್ತಾ?"

"ಇಲ್ಲ ಯಜಮಾನ್ರೇ, ಚೆನ್ನಾಗಿದೆ."

"ಮತ್ತೆ ಹುಲ್ಲು ಯಾಕೆ ತುಳೀತೀಯ?"

ಅವನು ತನ್ನ ಕಾಲನ್ನೇ ನೋಡಿಕೊಂಡ. "ಹೌದಲ್ಲ! ಗೊತ್ತೇ ಇಲ್ಲ."

ಹಿಂದೆ ಬಂದ ನರ್ಸಮ್ಮ, "ಎಲ್ರೂ ಹೋಗ್ತಾರೆ, ನಾನೂ ಹೋಗ್ತೀನಿ," ಎಂದಳು. ಮಾತಾಡುವಾಗಲೂ ನನ್ನ ಮುಖ ನೋಡಲಿಲ್ಲ. ಎಷ್ಟು ಸೊಕ್ಕು ಎಂದುಕೊಂಡೆ.

ಕೊನೆಗೆ ನಾನೇ ನನ್ನ ದಾರಿಗೆ ಇಳಿದೆ. ಕುಕ್ಕರುಗಾಲಲ್ಲಿ ಕೂತು ಒಂದೊಂದು ಸಂದಿಗೂ ಬೆರಳಾಡಿಸಿದೆ. ಎಲ್ಲೂ ಒಂದು ಕೂದಲೆಳೆಯ ತಪ್ಪಿಲ್ಲ.

"ತಾತಾ, ನೋಡು!" ಎಂದು ಮೇಲಿಂದ ಕೂಗು ಬಂತು.

ತಲೆ ಎತ್ತಿದೆ. ದಂಡೆ, ಜೊಂಡು, ಆಕಾಶ. ಮಗು ಕಾಣಲಿಲ್ಲ. ಮತ್ತೆ ಕೂಗೂ ಇಲ್ಲ. ಹೇಗೆ ಮೇಲೆ ಹತ್ತಿದೆನೋ! ಅವಳು ಜಾರುಬಂಡೆಯ ತುದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಮೇಲಿನ ಕಣ್ಣು ತೆಗೆಯದೆ ನಡೆಯುತ್ತಾ ಹೋದೆ.

"ತಾತಾ, ನೀನೂ ಹುಲ್ಲು ತುಳೀತಿದ್ದೀಯ!"

ಕೆಳಗೆ ನೋಡಿದರೆ ನನ್ನ ಚಪ್ಪಲಿಗಳು ಮಣ್ಣಿನ ದಾರಿಯ ನಟ್ಟನಡುವೆ ಇದ್ದವು. ಆಚೆ ಉಯ್ಯಾಲೆಯಲ್ಲಿ ನರ್ಸಮ್ಮನ ಮಗಳು ಜೀಕುತ್ತಿದ್ದಳು. ತಾಯಿ ನಡೆಯುತ್ತಲೇ ಅತ್ತ ನೋಡುತ್ತಿದ್ದಳು. ದಾರಿ ನೀರಿನ ಪಕ್ಕದಲ್ಲೇ ಇರಲಿ ಎಂದು ಪಾರ್ಕಿನ ಆಫೀಸಿನವರ ಹತ್ತಿರ ಹಠ ಹಿಡಿದವನು ನಾನೇ. ಎಂಟು ವಾರ ಕೂತು ಕಲ್ಲು ನೋಡಿದೆ, ಅಲ್ಲಿಂದ ಏನು ಕಾಣುತ್ತದೆ ಎಂದು ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ಬಹಳ ನಾಚಿಕೆಯಾಯಿತು. ಬೆಳಿಗ್ಗೆ ಆಫೀಸಿಗೆ ಹೋಗಿ ಬೇಲಿ ಬೇಡ ಎನ್ನಬೇಕು, ತಪ್ಪು ನನ್ನದು ಎಂದೂ ಹೇಳಬೇಕು.

ಸುಣ್ಣದ ಚೀಲ ಬಿಚ್ಚಿದೆ. ಮಣ್ಣಿನ ದಾರಿಯ ಎರಡೂ ಅಂಚಿಗೆ, ಅದು ಬಳುಕಿದ ಹಾಗೇ ಬಳುಕಿಸುತ್ತಾ ಗೆರೆ ಎಳೆದೆ.

"ಬೇಲಿಗಾ ತಾತಾ?"

"ಅಲ್ಲ ಕಣೇ, ಕಲ್ಲಿಗೆ. ನೀನು ಜಾರು, ಇಲ್ಲಿಂದ ಕಾಣ್ತೀಯ."