ಹಿಂದಿನ ಸೀಟಿನ ಡ್ರೈವರ್

ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಮನುಷ್ಯ ಈಗ ಹೆಂಡತಿಯ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ಕೂತಿದ್ದ ಎನ್ನುವುದು ಮಾತಿಗಷ್ಟೇ. ಅವನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು, ಕತ್ತು ನಿಮಿಷಕ್ಕೆ ಹತ್ತು ಸಲ ಹಿಂದೆ ಹೊರಳುತ್ತಿತ್ತು, ತೊಡೆಯ ಮೇಲಿದ್ದ ಪರದೆ ಬಟ್ಟೆಯ ಗಂಟು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಜಾರುತ್ತಿತ್ತು.

"ಬ್ರೇಕು! ಬ್ರೇಕು!"

"ಕಾಣಿಸ್ತಿದೆ ರೀ."

"ಎಡಗಡೆ ಬಾ. ಆ ವ್ಯಾನಿನವನು ಒಳಗೆ ನುಗ್ತಾನೆ ನೋಡು."

"ನುಗ್ಗಲಿ ಬಿಡಿ. ಅವನ ಗಾಡಿ, ಅವನ ಆತುರ."

"ಇಪ್ಪತ್ತರ ಮೇಲೆ ಸ್ಪೀಡಿನ ಮುಳ್ಳು ಏರಿದ್ರೆ ಏನು ಆಕಾಶ ಕಳಚಿ ಬೀಳುತ್ತಾ?"

"ನೀವು ಹಿಂದೆ ಕುಣೀತಿದ್ರೆ ಬೀಳೋದು ಆಕಾಶ ಅಲ್ಲ, ನಾವಿಬ್ರೂ."

ಡಿಪೋದಲ್ಲಿ ಅವನನ್ನು ಟೈಮಪ್ಪ ಎಂದು ಕರೆಯುತ್ತಿದ್ದರು. ಹನ್ನೆರಡನೇ ನಂಬರಿನ ಬಸ್ಸು ಅವನ ಕೈಯಲ್ಲಿದ್ದಷ್ಟು ಕಾಲ, ಗಡಿಯಾರ ನೋಡಿಕೊಂಡು ಸ್ಟಾಪಿಗೆ ಬರುವವರಿಗಿಂತ ಬಸ್ಸು ನೋಡಿ ಗಡಿಯಾರ ಸರಿ ಮಾಡಿಕೊಳ್ಳುವವರೇ ಹೆಚ್ಚು ಎಂದು ಜನ ತಮಾಷೆ ಮಾಡುತ್ತಿದ್ದರು. ಎಂಟು ತಿಂಗಳ ಹಿಂದೆ ಡಿಪೋದ ಕ್ಯಾಂಟೀನಿನಲ್ಲಿ ಟೀ ಲೋಟ ಹಿಡಿದು ನಿಂತಿದ್ದವನು ನಿಂತಲ್ಲೇ ಕುಸಿದ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದ, ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತವಾಗಿತ್ತು. ತಲೆಯ ಫೋಟೊ ತೆಗೆಸಿದರು, ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಡಾಕ್ಟರಮ್ಮ ಮೃದುವಾಗಿಯೇ ಹೇಳಿದ್ದಳು: "ಫಿಟ್ಸು. ಮಾತ್ರೆ ತಪ್ಪಿಸಬೇಡಿ. ಒಂದು ವರ್ಷ ಸೈಕಲ್ಲನ್ನೂ ಓಡಿಸಬೇಡಿ. ಬಸ್ಸಿನ ವಿಷಯ ಆಮೇಲೆ ನೋಡೋಣ."

ಇಲಾಖೆಯವರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನುಗಳನ್ನು ಇಡುವ ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ನಲವತ್ತು ಛತ್ರಿ, ಟಿಫಿನ್ ಡಬ್ಬಿಗಳು, ಒಂಟಿ ಬೂಟು, ಮೂರು ತಿಂಗಳಿಂದ ಯಾರೂ ಕೇಳಿಕೊಂಡು ಬಾರದ ಒಂದು ಜೊತೆ ಕಟ್ಟಿಸಿದ ಹಲ್ಲು. ಕಾಲಿಗೆ ಚಕ್ರ ಕಟ್ಟಿಕೊಂಡು ಬದುಕಿದವನಿಗೆ ಆ ಕುರ್ಚಿ ಕಾದ ಹೆಂಚಿನಂತಾಯಿತು. ಗೋಡೆಯಾಚೆ ಬಸ್ಸು ಹೊರಟರೆ ಶಬ್ದದಲ್ಲೇ ಯಾವ ಗೇರು ಎಂದು ಗೊತ್ತಾಗುತ್ತಿತ್ತು. "ಎರಡನೇದಕ್ಕೆ ಹಾಕೋ, ಹಾಕೋ" ಎಂದು ಛತ್ರಿಗಳಿಗೆ ಹೇಳುತ್ತಿದ್ದ. ರಜೆಯ ದಿನ ಮನೆಯಲ್ಲಿದ್ದರೆ ಬಾಲ ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಸುತ್ತುತ್ತಿದ್ದ.

ಹೆಂಡತಿ ಮನೆಮನೆಗೆ ಕಿಟಕಿ ಪರದೆ ಹೊಲಿದು ಕೊಡುವವಳು. ಅಳತೆ ತೆಗೆಯಲು, ಬಟ್ಟೆ ತರಲು, ಹೊಲಿದದ್ದನ್ನು ತೂಗುಹಾಕಿ ಬರಲು ಗಂಡನ ಬಸ್ಸನ್ನೇ ನೆಚ್ಚಿಕೊಂಡಿದ್ದಳು. ಅವನು ಬಸ್ಸು ಓಡಿಸುವುದು ನಿಂತ ಮೇಲೆ ಯಾರನ್ನೂ ಕೇಳದೆ, ಸಂಗೀತದ ಮೇಷ್ಟ್ರೊಬ್ಬರು ಮಾರಾಟಕ್ಕಿಟ್ಟಿದ್ದ ಹಸಿರು ಬಣ್ಣದ ಸಣ್ಣ ಸ್ಕೂಟರನ್ನು ಕೊಂಡಳು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಶಾಲೆಯ ಮೈದಾನದಲ್ಲಿ, ಹತ್ತೊಂಬತ್ತು ದಿನಕ್ಕೆ ಕಲಿತಳು. ಎರಡು ಸಲ ಬಿದ್ದದ್ದನ್ನು ಗಂಡನಿಗೆ ಹೇಳಲಿಲ್ಲ. ಮಂಡಿಯ ಗಾಯ ಕಂಡು ಅವನು ಕೇಳಿದಾಗ "ಮೆಟ್ಟಿಲು" ಎಂದಿದ್ದಳು. ಅವರ ಮನೆಗೆ ಮೆಟ್ಟಿಲೇ ಇರಲಿಲ್ಲ.

ಅವನೂ ಒಂದು ವಿಷಯ ಹೇಳಿರಲಿಲ್ಲ. ಮಧ್ಯಾಹ್ನದ ಮಾತ್ರೆ ನುಂಗಿದರೆ ತಲೆಯೊಳಗೆ ಹತ್ತಿ ತುರುಕಿದಂತಾಗುತ್ತಿತ್ತು. ಒಂದು ದಿನ ಬಿಟ್ಟು ನೋಡಿದ, ಏನೂ ಆಗಲಿಲ್ಲ. ಮಾರನೆಯ ದಿನವೂ ಬಿಟ್ಟ. ಎರಡು ತಿಂಗಳಿಂದ ಆ ಮಾತ್ರೆಗಳು ಮರೆತ ಸಾಮಾನಿನ ಕೋಣೆಯ ಒಂಟಿ ಬೂಟಿನೊಳಗೆ ಬೀಳುತ್ತಿದ್ದವು.

ಒಂದು ದಿನ ಅವನಿಗೆ ವಾರದ ರಜೆ. ಬೆಳಿಗ್ಗೆ ಒಂಬತ್ತೂವರೆ. ಎದುರು ಮನೆಯವರು ಹೊಸ ಪರದೆ ಬೇಕೆಂದದ್ದಕ್ಕೆ ಹೆಂಡತಿ ಅಳತೆಯ ಟೇಪು ಕತ್ತಿಗೆ ಹಾಕಿಕೊಂಡು ಹೋಗಿದ್ದಳು. ಸ್ಕೂಟರಿನ ಕೀ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಗುರುತು ಹಾಕುವ ಸೀಮೆಸುಣ್ಣದ ಪಕ್ಕದಲ್ಲಿ ಬಿದ್ದಿತ್ತು. ಅವನು ಮೂರು ಸಲ ಮೇಜನ್ನು ದಾಟಿ ಹೋದ. ನಾಲ್ಕನೆಯ ಸಲ ಕೀ ಜೇಬಿನಲ್ಲಿತ್ತು.

ಬೀದಿಯ ಮೂಲೆಯ ತನಕ ಹೋಗಿ ಬರುತ್ತೇನೆ ಎಂದುಕೊಂಡ. ಮೂಲೆ ಬಂತು, ಹೋಯಿತು. ಹತ್ತು ಟನ್ನಿನ ಬಸ್ಸು ತಿರುಗಿಸಿದ ತೋಳಿಗೆ ಆ ಸ್ಕೂಟರು ಹೂವಿನಷ್ಟು ಹಗುರ. ಮಾರುಕಟ್ಟೆಯ ಹಿಂಭಾಗ, ನೀರಿನ ಟ್ಯಾಂಕು, ಹಳೆಯ ಮುದ್ರಣಾಲಯ: ಎಲ್ಲ ಹನ್ನೆರಡನೇ ನಂಬರಿನ ದಾರಿಯೇ. ಕಾಲು, ಕಣ್ಣು, ಕೈ ಮೂರೂ ಬಹಳ ದಿನಗಳ ಮೇಲೆ ಒಂದೇ ಮಾತು ಕೇಳುತ್ತಿದ್ದವು. ಮುದ್ರಣಾಲಯದ ಮುಂದೆ ಹನ್ನೆರಡನೇ ನಂಬರಿನ ಬಸ್ಸನ್ನು ಹಿಂದೆ ಹಾಕಿದ. ನಾಲ್ಕು ನಿಮಿಷ ತಡವಾಗಿತ್ತು. ಹೊಸ ಡ್ರೈವರಿಗೆ ಕೈ ಮಾಡಬೇಕೆನಿಸಿತು. ಮಾಡದೆ ಮುಖ ತಿರುಗಿಸಿಕೊಂಡ.

ಮುಂದಿನ ಸ್ಟಾಪಿನಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು ನಿಂತಿದ್ದಳು. ಹನ್ನೊಂದು ವರ್ಷ ಅವನ ಬಸ್ಸಿನಲ್ಲೇ ಹೋದವಳು, ಬಾಗಿಲ ಹಿಂದಿನ ಮೂರನೇ ಸೀಟು. ಅವನನ್ನು ಕಂಡವಳೇ ಕೈ ಎತ್ತಿದಳು.

"ಡ್ರೈವರಣ್ಣ! ಎಲ್ಲಿ ಮಾಯ ಆಗ್ಬಿಟ್ರಿ? ನೀವು ಹೋದ ಮೇಲೆ ಈ ಬಸ್ಸಿಗೆ ಹೇಳೋರು ಕೇಳೋರು ಇಲ್ಲ ನೋಡಿ. ದಿನಾ ಲೇಟು, ದಿನಾ ಯಜಮಾನರ ಹತ್ರ ಬೈಗುಳ."

"ಡಿಪೋದಲ್ಲಿ ಬೇರೆ ಕೆಲಸ ಕೊಟ್ಟಿದ್ದಾರಮ್ಮ."

"ಆಫೀಸು ಕೆಲಸಾನಾ? ಒಳ್ಳೇದಾಯ್ತು ಬಿಡಿ." ಅವಳು ಕೈಗಡಿಯಾರ ನೋಡಿಕೊಂಡಳು. "ಆ ಕಡೆಗೇ ಹೋಗ್ತಿದ್ರೆ ನನ್ನನ್ನೂ ಬಿಡ್ತೀರಾ? ಹತ್ತಕ್ಕೆ ಬಾಗಿಲು ತೆಗೀಬೇಕು."

ಇಲ್ಲ ಎನ್ನಬೇಕಾಗಿತ್ತು. ಇಲ್ಲ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಎಂಟು ತಿಂಗಳಲ್ಲಿ ಯಾರೂ ಅವನನ್ನು ಎಲ್ಲಿಗಾದರೂ ಕರೆದೊಯ್ಯಿ ಎಂದು ಕೇಳಿರಲಿಲ್ಲ.

"ಹತ್ತಮ್ಮ. ಹತ್ತಕ್ಕೆ ಐದು ನಿಮಿಷ ಇರೋವಾಗ ಅಂಗಡಿ ಮುಂದೆ ಇಳಿಸ್ತೀನಿ."

ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವನ ಬೆನ್ನು ನೆಟ್ಟಗಾಯಿತು. ಅವಳು ಮಗಳ ಪರೀಕ್ಷೆಯ ವಿಷಯ ಹೇಳುತ್ತಿದ್ದಳು, ಅವನು ಹೂಂಗುಟ್ಟುತ್ತಿದ್ದ. ಕಾಲುವೆಯ ಪಕ್ಕದ ನೇರ ರಸ್ತೆಗೆ ಬಂದರು. ಮುಂದೆ ಒಂದು ನಾಯಿಯೂ ಇರಲಿಲ್ಲ. ಆಗ ಹಾರನ್ನು ಬಡಿದುಕೊಂಡಿತು. ಪೀಂ, ಪೀಂ, ಪೀಂ.

ಹಿಂದಿನಿಂದ ಅವಳು ನಕ್ಕಳು. "ಯಾರಿಗಣ್ಣ ಹಾರನ್ನು? ರಸ್ತೆ ಖಾಲಿ ಇದೆಯಲ್ಲ!"

ಅವನು ತನ್ನ ಎಡಗೈ ನೋಡಿದ. ಹೆಬ್ಬೆರಳು ತಾನಾಗಿಯೇ ಕುಣಿಯುತ್ತ ಹಾರನ್ನಿನ ಗುಂಡಿಯನ್ನು ಒತ್ತುತ್ತಿತ್ತು. ಅವನು ಒತ್ತುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಲೋಟ ಕೈಜಾರುವ ಮೊದಲೂ ಹೀಗೇ ಆಗಿತ್ತೆಂದು ಈಗ ನೆನಪಾಯಿತು. ಬೆರಳನ್ನು ಹಿಡಿಕೆಯ ಕೆಳಗೆ ಸಿಕ್ಕಿಸಿದ. ಗಂಟೆ ಒಂಬತ್ತು ಐವತ್ತೆರಡು. ಒಂದೇ ತಿರುವು, ಆಮೇಲೆ ಅಂಗಡಿ. ಇವಳನ್ನು ಇಳಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಹೋಗೋಣ, ಹೋಗಿಬಿಡೋಣ.

ಇನ್ನೂರು ಗಜ ಹೋದ. ಆ ಇನ್ನೂರು ಗಜದ ಲೆಕ್ಕ ಆಮೇಲೆ ಅವನು ಬಹಳ ದಿನ ಹಾಕಿದ: ಒಂದು ಶಾಲೆಯ ಗೇಟು, ಬಿಸ್ಕತ್ತು ಅಂಗಡಿ, ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ರಸ್ತೆ ದಾಟುತ್ತಿದ್ದ ಒಬ್ಬ ಅಪ್ಪ. ಹಿಡಿಕೆಯ ಕೆಳಗಿನ ಬೆರಳು ಈಗ ಮಣಿಕಟ್ಟನ್ನೂ ಎಳೆಯತೊಡಗಿತು. ಎಲ್ಲೂ ಇಲ್ಲದ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ತಳ್ಳುಗಾಡಿಯ ಅಪ್ಪ ಇವನ ಮುಖ ನೋಡಿ ಅರ್ಧ ದಾರಿಯಲ್ಲೇ ನಿಂತ.

ಅವನು ಎರಡು ಬ್ರೇಕೂ ಹಿಡಿದ. ಗಾಡಿಯನ್ನು ಅಂಚಿಗೆ ತಂದು, ಎಂಜಿನ್ ಆರಿಸಿ, ಸ್ಟ್ಯಾಂಡು ಹಾಕಿದ. ಇಪ್ಪತ್ತಾರು ವರ್ಷದ ಅಭ್ಯಾಸ ಅಷ್ಟು ಮಾಡಿಸಿತು.

"ಇಳಿಯಮ್ಮ."

"ಯಾಕಣ್ಣ, ಪೆಟ್ರೋಲ್ ಖಾಲಿಯಾಯ್ತಾ?"

"ಈ ಕೀ ಇಟ್ಕೋ. ನಾನು ಕೇಳಿದ್ರೂ ಕೊಡಬೇಡ. ನನಗೆ... ಫಿಟ್ಸು ಬರುತ್ತೆ. ಬರ್ತಾ ಇದೆ."

ಅವಳು ಏನೋ ಕೂಗಿದಳು. ಅದು ಅವನಿಗೆ ನೀರಿನಡಿಯಿಂದ ಕೇಳಿದಂತಾಯಿತು.

ಎಚ್ಚರವಾದಾಗ ಅವನ ತಲೆ ಯಾರದೋ ಮಡಚಿದ ಕೋಟಿನ ಮೇಲಿತ್ತು. ಹನ್ನೆರಡನೇ ನಂಬರಿನ ಬಸ್ಸು ಪಕ್ಕದಲ್ಲೇ ನಿಂತಿತ್ತು. ಹೊಸ ಡ್ರೈವರು ಅವನನ್ನು ಮಗ್ಗುಲಾಗಿ ಹೊರಳಿಸಿ, ಬಿಸಿಲಿಗೆ ಅಡ್ಡವಾಗಿ ಕೂತಿದ್ದ. ಕಿಟಕಿಗಳಿಂದ ಹತ್ತಾರು ಮುಖಗಳು ಇಣುಕುತ್ತಿದ್ದವು.

"ಟೈಮು?" ಎಂದು ಕೇಳಿದ, ನಾಲಿಗೆ ತೊದಲುತ್ತ.

"ಹತ್ತೂ ಐದು. ಅಲುಗಾಡಬೇಡಿ ಅಣ್ಣ. ಮನೆಗೆ ಫೋನ್ ಮಾಡಿದ್ದೀವಿ."

"ನಿನಗೆ ಲೇಟಾಯ್ತು."

"ಆಗಲಿ ಬಿಡಿ. ದಿನಾ ಆಗೋದೇ."

ಹೆಂಡತಿ ಎದುರು ಮನೆಯವರ ಕಾರಿನಲ್ಲಿ ಬಂದಳು. ಅಳತೆಯ ಟೇಪು ಇನ್ನೂ ಕತ್ತಿನಲ್ಲೇ ಇತ್ತು. ಅವನ ಪಕ್ಕದಲ್ಲಿ ಕೂತು ಕೈ, ಕಾಲು, ತಲೆ ಮುಟ್ಟಿ ನೋಡಿದಳು; ಏನೂ ಮುರಿದಿಲ್ಲ ಎಂದು ಖಾತ್ರಿಯಾದ ಮೇಲೆ ಎದ್ದು ಕನ್ನಡಕದ ಅಂಗಡಿಯವಳ ಕಡೆ ತಿರುಗಿದಳು. ಆ ಹೆಂಗಸು ಕೀಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಬೈಯುತ್ತಾಳೆಂದು ಅವನು ಕಾದ. ಆಸ್ಪತ್ರೆಯ ಬೆಂಚಿನ ಮೇಲೆ ಕಾದ, ಮನೆಗೆ ಬಂದು ಕಾದ. ಎರಡು ದಿನ ಹೊಲಿಗೆ ಯಂತ್ರ ಮಾತ್ರ ಎಡೆಬಿಡದೆ ಓಡುತ್ತಿತ್ತು. ಮೂರನೆಯ ದಿನ ಡಾಕ್ಟರಮ್ಮ ಎಲ್ಲ ಹಾಳೆಗಳನ್ನೂ ತಿರುವಿ ಹಾಕಿ, "ಮಾತ್ರೆ ಸರಿಯಾಗಿ ತಗೊಂಡ್ರೂ ಬಂತು ಅಂದ್ರೆ ಡೋಸು ಏರಿಸಬೇಕು" ಎಂದಾಗ ಅವನು ಬಾಯಿ ಬಿಟ್ಟ.

"ತಗೊಂಡಿಲ್ಲ. ಮಧ್ಯಾಹ್ನದ್ದು. ಎರಡು ತಿಂಗಳಾಯ್ತು. ಇನ್ನೊಂದು ವಿಷಯ. ಬೆರಳು ಕುಣಿಯೋಕೆ ಶುರುವಾದ ಕೂಡ್ಲೇ ನಾನು ನಿಲ್ಲಿಸ್ಲಿಲ್ಲ. ಗೊತ್ತಾಗಿಯೂ ಮುಂದೆ ಹೋದೆ."

ಹೆಂಡತಿ ಗೋಡೆಯ ಕಡೆ ಮುಖ ಮಾಡಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.

"ಹೇಳಿದ್ದು ಒಳ್ಳೇದಾಯ್ತು. ತಲೆ ಭಾರ ಆಗುತ್ತೆ ಅಂತ ಮೊದಲೇ ಹೇಳಿದ್ರೆ ಬೇರೆ ಮಾತ್ರೆ ಕೊಡ್ತಿದ್ದೆ. ವರ್ಷದ ಲೆಕ್ಕ ಇವತ್ತಿಂದ ಮತ್ತೆ ಶುರು. ಬಸ್ಸಿನ ಆಸೆ ಮಾತ್ರ ಬಿಟ್ಟುಬಿಡಿ. ಅದನ್ನ ನಾನು ಯಾವತ್ತೂ ಬರೆದುಕೊಡೋಕಾಗಲ್ಲ."

ಹೊರಗೆ ಬಂದ ಮೇಲೆ ಹೆಂಡತಿ ಮೊದಲ ಮಾತಾಡಿದಳು. "ಆ ಹೆಂಗಸಿಗೆ ಗೊತ್ತಾ ಇದು?"

"ಇಲ್ಲ."

"ಹೇಳಬೇಕು ನೀವು."

ಮರುದಿನ ನಡೆದುಕೊಂಡೇ ಹೋದ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವಳು ಮೆತ್ತನೆಯ ಬಟ್ಟೆಯಿಂದ ಗಾಜು ಒರೆಸುತ್ತಿದ್ದಳು. ಅವನನ್ನು ಕಂಡು ಸ್ಟೂಲು ಎಳೆದು ಕೊಟ್ಟಳು. ಅವನು ಕೂರಲಿಲ್ಲ. ಕಾಯಿಲೆ ಇದೆ ಎಂದು ಗೊತ್ತಿದ್ದೇ ಹತ್ತಿಸಿಕೊಂಡದ್ದು, ಬೆರಳಿನ ಸೂಚನೆ ಸಿಕ್ಕ ಮೇಲೂ ಇನ್ನೂರು ಗಜ ಹೋದದ್ದು, ಎಲ್ಲ ಹೇಳಿದ. ಅವಳ ಕೈ ನಿಂತಿತು.

"ಹತ್ತೋ ಮೊದಲು ಒಂದು ಮಾತು ಹೇಳಬಾರದಿತ್ತಾ? ನನಗಿರೋದು ಒಬ್ಬಳೇ ಮಗಳು. ಅವಳಿಗಿರೋದೂ ನಾನೊಬ್ಬಳೇ."

"ತಪ್ಪಾಯ್ತಮ್ಮ."

"ನಾನು ಎಲ್ಲರ ಹತ್ರಾನೂ ಹೇಳ್ಕೊಂಡು ಬಂದೆ. ಪಾಪ, ಜೀವ ಹೋಗೋ ಹೊತ್ತಲ್ಲೂ ನನ್ನನ್ನ ಇಳಿಸಿ ಬಿದ್ದರು, ದೇವರಂಥ ಮನುಷ್ಯ ಅಂತ." ಅವಳು ಗಾಜನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದಳು. "ಬಸ್ಸಲ್ಲಿ ಸಿಕ್ಕಿದ್ರೆ ಮಾತಾಡಿಸ್ತೀನಿ ಡ್ರೈವರಣ್ಣ. ಇವತ್ತು ಹೋಗಿ."

ಅವನು ಬಂದ. ಮನೆ ಮುಟ್ಟಿದಾಗ ಕಾಲು ಇನ್ನೂ ನಡೆಯಲು ಸಿದ್ಧವಿತ್ತು. ಅಂದಿನಿಂದ ಡಿಪೋಗೂ ನಡೆದೇ ಹೋಗತೊಡಗಿದ, ನಾಲ್ಕು ಮೈಲಿ. ಕುರ್ಚಿಯಲ್ಲಿ ಕೂರುವುದು ಒಗ್ಗಲೇ ಇಲ್ಲ. ಸಾಮಾನುಗಳ ಮೇಲೆ ಹೆಸರು, ವಿಳಾಸ ಇದ್ದರೆ ಸಂಜೆ ತಾನೇ ಹೊತ್ತುಕೊಂಡು ಹೋಗಿ ಮನೆಗೆ ಮುಟ್ಟಿಸಿ ಬರುತ್ತಿದ್ದ. ಹೊಸ ಮಾತ್ರೆ ತಲೆಗೆ ಹತ್ತಿ ತುಂಬಲಿಲ್ಲ, ಆದರೆ ನಿದ್ದೆ ಕಡಿಮೆ ಮಾಡಿತು. ಮನೆಯೊಳಗಿನ ಓಡಾಟ ಹಾಗೇ ಇತ್ತು. ಹೆಂಡತಿ ಕೀಯನ್ನು ಬಚ್ಚಿಡಲಿಲ್ಲ, ಮೇಜಿನ ಮೇಲೇ ಬಿಡುತ್ತಿದ್ದಳು. ಅದು ಅವನಿಗೆ ಬೈಗುಳಕ್ಕಿಂತ ಕಷ್ಟದ ಶಿಕ್ಷೆಯಾಯಿತು.

ಹದಿಮೂರು ತಿಂಗಳ ಮೇಲೆ ಡಾಕ್ಟರಮ್ಮ ಒಂದು ಹಾಳೆಗೆ ಸಹಿ ಹಾಕಿದಳು. ಹತ್ತಿರದ ಓಡಾಟಕ್ಕೆ ಸ್ಕೂಟರು ಓಡಿಸಬಹುದು ಎಂದಿತ್ತು. ಯಾರನ್ನೂ ಹಿಂದೆ ಕೂರಿಸಿಕೊಳ್ಳುವುದಿಲ್ಲ ಎಂದು ಅವನೇ ಹೇಳಿದ. ಅವಳು ಅದನ್ನು ಬರೆಯಲಿಲ್ಲ, ಅವನ ಮಾತಿಗೇ ಬಿಟ್ಟಳು. ಅವನು ಲೈಸೆನ್ಸ್ ಕಚೇರಿಗೆ ಅಲೆದ, ಅವರು ಕೇಳಿದ ಕಾಗದಗಳನ್ನೆಲ್ಲ ಕೊಟ್ಟ. ಎಲ್ಲ ಮುಗಿದ ದಿನ ಆ ಹಾಳೆಯನ್ನು ಮೇಜಿನ ಮೇಲಿಟ್ಟ. ಹೆಂಡತಿ ಕತ್ತರಿ ಹಿಡಿದು ನೀಲಿ ಬಟ್ಟೆಯ ಮೇಲೆ ಬಗ್ಗಿದ್ದಳು. ಓದಿದಳು. ಇನ್ನೊಂದು ಸಲ ಓದಿದಳು.

"ಮೊದಲು ಎಲ್ಲಿಗೆ ಹೋಗ್ತೀರಿ?"

"ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ."

"ಸರಿ."

ಬಂಕಿಗೆ ಹೋಗಿ ಬರಲು ಹದಿನೆಂಟು ನಿಮಿಷ ಹಿಡಿಯಿತು. ಇಪ್ಪತ್ತರ ಮೇಲೆ ಮುಳ್ಳು ಏರಲಿಲ್ಲ. ತಿರುಗಿ ಬಂದಾಗ ಹೆಂಡತಿ ಬಾಗಿಲ ಮುಂದೆಯೇ ನಿಂತಿದ್ದಳು, ಹೆಗಲ ಮೇಲೆ ಅರ್ಧ ಕತ್ತರಿಸಿದ ಬಟ್ಟೆ, ಕೈಯಲ್ಲಿ ಕತ್ತರಿ. ಅವನು ಎಂಜಿನ್ ಆರಿಸಿದ. ಅವಳು ಗಾಡಿಯ ಸುತ್ತ ಒಂದು ಸುತ್ತು ಬಂದು ಹಿಂದಿನ ಚಕ್ರವನ್ನು ಕಾಲಿಂದ ಒತ್ತಿ ನೋಡಿದಳು.

"ಗಾಳಿ ನೋಡಿಸಿದ್ರಾ?"

"ಅಯ್ಯೋ, ಮರೆತೇಬಿಟ್ಟೆ."

"ನಾಳೆ ನಾನು ಎರಡು ಗಂಟು ಹೊರಬೇಕು ಇದರ ಮೇಲೆ," ಎಂದಳು ಹೆಂಡತಿ. "ಇನ್ನೊಂದು ಸಲ ಹೋಗಿ ಬನ್ನಿ."